ಮಡಿಯಪ್ಪನ ಲೈಬ್ರರಿ

ಮಡಿಯಪ್ಪ ಅವನ ನಿಜವಾದ ಹೆಸರಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನ ಅಕೌಂಟೆಂಟ್ ಮೇಡಂ ಒಂದು ದಿನ ತಮಾಷೆಗೆ ಕರೆದರು, ಅದೇ ಅಂಟಿಕೊಂಡಿತು. ಈಗ ವಾಚ್‌ಮನ್ ಕೂಡ ಹಾಗೇ ಕರೆಯುತ್ತಾನೆ, ಮ್ಯಾನೇಜರೂ ಹಾಗೇ ಕರೆಯುತ್ತಾರೆ. ಸಂಬಳದ ಚೀಟಿಯಲ್ಲಿ ಮಾತ್ರ ಬೇರೆ ಹೆಸರಿದೆ. ಅದನ್ನು ಓದುವವನು ಅವನೊಬ್ಬನೇ.

ಹೆಸರು ಬಂದದ್ದು ಅವನು ಬರೆದ ಲೈಬ್ರರಿಯಿಂದ. ಲೈಬ್ರರಿ ಎಂದ ಕೂಡಲೇ ನಿಮಗೆ ಕಪಾಟು, ಧೂಳು, ‘ಮಾತನಾಡಬೇಡಿ’ ಎಂಬ ಬೋರ್ಡು ನೆನಪಾದರೆ ತಪ್ಪೇನಿಲ್ಲ, ಅವನ ಅಕ್ಕನಿಗೂ ಹಾಗೇ ಆಗಿತ್ತು. "ನನ್ನ ತಮ್ಮ ಒಂದು ಲೈಬ್ರರಿ ನಡೆಸ್ತಾನೆ" ಎಂದು ಅವಳು ತನ್ನ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಒಮ್ಮೆ ಅಲ್ಲಿಗೆ ಹೋದಾಗ ಪಕ್ಕದ ಮನೆಯ ಟೈಲರ್ ಅವನನ್ನು ಗೇಟಿನಲ್ಲೇ ಹಿಡಿದು, "ಸಾರ್, ಪತ್ತೇದಾರಿ ಕಾದಂಬರಿ ಇದ್ರೆ ಒಂದೆರಡು ತನ್ನಿ, ಓದಿ ವಾಪಸ್ ಕೊಡ್ತೀನಿ" ಎಂದು ಕೇಳಿದ್ದ. ಪ್ರೋಗ್ರಾಂ ಬರೆಯುವವರ ಲೈಬ್ರರಿ ಬೇರೆ. ಒಬ್ಬ ಮೈಮುರಿದು ಬರೆದಿಟ್ಟ ಕೋಡನ್ನು ಉಳಿದವರು ತಮ್ಮ ತಮ್ಮ ಪ್ರೋಗ್ರಾಮಿಗೆ ಎತ್ತಿಕೊಂಡು ಬಳಸುತ್ತಾರೆ, ಅಷ್ಟೇ. ವಾಪಸ್ ಕೊಡುವ ಮಾತೇ ಇಲ್ಲ. ಥ್ಯಾಂಕ್ಸ್ ಹೇಳುವ ಮಾತಂತೂ ಬಿಡಿ.

ಆ ಲೈಬ್ರರಿಗೆ ಅವನಿಟ್ಟ ಹೆಸರು ‘ಮಡಿ’. ಅದರ ಮುಖ್ಯ ಕೆಲಸ ಮಡಿಸುವುದು. ಒಣಗಿದ ಬಟ್ಟೆಯ ರಾಶಿಯನ್ನು ಒಂದೊಂದಾಗಿ ಮಡಿಸಿ ಕೊನೆಗೆ ಒಂದೇ ಗಂಟು ಮಾಡುವುದಿಲ್ಲವೇ, ಹಾಗೆ ಉದ್ದನೆಯ ಪಟ್ಟಿಯೊಂದನ್ನು ಮಡಿಸುತ್ತ ಮಡಿಸುತ್ತ ಒಂದೇ ಉತ್ತರಕ್ಕೆ ತಂದು ನಿಲ್ಲಿಸುವುದು. ಮಡಿಯ ಇನ್ನೊಂದು ಅರ್ಥ ನಿಮಗೆ ಗೊತ್ತೇ ಇದೆ, ಯಾರನ್ನೂ ಮುಟ್ಟದಿರುವುದು. ಆ ಲೈಬ್ರರಿಯ ಯಾವ ಫಂಕ್ಷನ್ನೂ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ಕೋಡಿನ ಯಾವ ತುಣುಕೂ, ತನ್ನ ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ, ಕೆಡಿಸುವುದಿಲ್ಲ, ಬದಲಾಯಿಸುವುದಿಲ್ಲ. ಇವತ್ತು ಕೇಳಿದರೂ ಮುಂದಿನ ವರ್ಷ ಕೇಳಿದರೂ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಸಾಲದ್ದಕ್ಕೆ, ತನ್ನ ಕೈಗೆ ಬಂದ ಡಬ್ಬಿಯೊಳಗೆ ಏನಿದೆ ಎಂದು ವಿಚಾರಿಸುವುದೂ ಇಲ್ಲ. ಒಳಗೆ ಸಕ್ಕರೆ ಇರಲಿ, ಮೊಳೆ ಇರಲಿ, ಅದಕ್ಕೆ ಎಲ್ಲವೂ ಒಂದೇ.

ಇಷ್ಟನ್ನೂ ಅವನು ಒಂದು ದಿನ ಟೀ ಹೊತ್ತಿನಲ್ಲಿ ಉತ್ಸಾಹದಿಂದ ವಿವರಿಸಿದ. ಅಕೌಂಟೆಂಟ್ ಮೇಡಂ ಕಪ್ಪನ್ನು ಕೆಳಗಿಟ್ಟು, "ಅಂದ್ರೆ ಥೇಟ್ ನಿಮ್ಮ ಹಾಗೇ ಅನ್ನಿ. ಯಾರನ್ನೂ ಮುಟ್ಟಲ್ಲ, ಯಾರ ಒಳಗೆ ಏನಿದೆ ಅಂತ ಕೇಳಲ್ಲ, ಯಾವಾಗ ಮಾತಾಡಿಸಿದ್ರೂ ಅದೇ ಉತ್ತರ. ಒಳ್ಳೇ ಮಡಿಯಪ್ಪ ಸಿಕ್ಕಿದ್ರಿ ನಮಗೆ!" ಎಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಕೈತೊಳೆಯುವ ನೆಪದಲ್ಲಿ ಎದ್ದು ಹೋಗಿ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದ. ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಬೇಕು?

ಆಫೀಸೆಂದರೆ ಪಂಪಿನ ಬಿಡಿಭಾಗ ಮಾರುವ ಕಂಪನಿಯೊಂದರ ಗೋದಾಮಿನ ಮೇಲಂತಸ್ತು. ಕೆಳಗೆ ಗ್ರೀಸಿನ ವಾಸನೆ, ರಬ್ಬರ್ ವಾಷರಿನ ಮೂಟೆಗಳು, ಟ್ರಾಲಿಯ ಗಡಗಡ ಸದ್ದು. ಮೇಲೆ ಸಾಲಾಗಿ ಕೆಲವು ಮೇಜು. ಯಾವ ಕಪಾಟಿನಲ್ಲಿ ಯಾವ ಸೈಜಿನ ವಾಲ್ವಿದೆ ಎಂದು ಹೇಳುವ ಪ್ರೋಗ್ರಾಂ ಕೆಡದಂತೆ ನೋಡಿಕೊಳ್ಳುವುದು ಮಡಿಯಪ್ಪನ ಕೆಲಸ. ಅದು ಕೆಡುವುದಿಲ್ಲ, ಆದ್ದರಿಂದ ಅವನನ್ನು ಯಾರೂ ಕರೆಯುವುದೂ ಇಲ್ಲ. ಸಂಜೆ ಮನೆಗೆ ಬಂದರೆ ಒಂದು ಕೋಣೆ, ಒಂದು ಅಡುಗೆಮನೆ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆ ಕೂತಿರುತ್ತದೆ. ಐವತ್ತು ದಾಟಿದ ಗಂಡಸು ಮದುವೆಯಾಗಿಲ್ಲವೆಂದರೆ ಅದಕ್ಕೊಂದು ಕಥೆ ಇರಬೇಕೆಂದು ಜನ ಹುಡುಕುತ್ತಾರೆ. ಕಥೆ ಏನೂ ಇರಲಿಲ್ಲ. ಇವತ್ತು ನಾಳೆ ಎನ್ನುತ್ತ ವಯಸ್ಸು ಜಾರಿಹೋಯಿತು.

ಹಾಗಾಗಿ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅವನು ಇಂಟರ್ನೆಟ್ಟಿನಲ್ಲಿ ಲೈಬ್ರರಿಯ ಪುಟ ತೆಗೆದು ನೋಡುತ್ತಿದ್ದ. ಯಾರಾದರೂ ಏನಾದರೂ ಕೇಳಿದ್ದಾರಾ? ಬಳಸುವವರು ಬೆರಳೆಣಿಕೆಯ ಜನ. ಕಂಡಿಲ್ಲ, ಕೇಳಿಲ್ಲ, ಎಲ್ಲೆಲ್ಲಿಯವರೋ. ಒಬ್ಬ ತಕರಾರು ಬರೆದರೂ ಸಾಕು, ಅವನಿಗೆ ಅಂದು ಹಬ್ಬ. ಪುಟಗಟ್ಟಲೆ ಉತ್ತರ ಬರೆಯುತ್ತಿದ್ದ. ಆ ಕಡೆಯವರು "ಸರಿ" ಎಂದು ಹೇಳಿ ಮಾಯವಾಗುತ್ತಿದ್ದರು.

ಇನ್ನು ಅಕ್ಕ. ತಾಯಿ ಬೇಗ ಹೋದದ್ದರಿಂದ ಅವನನ್ನು ಸಾಕಿದ್ದೇ ಅವಳು. ಅವನ ತಲೆಗೆ ಎಣ್ಣೆ ಹಚ್ಚಿದ್ದು, ಶಾಲೆಗೆ ಸೇರಿಸಿದ್ದು, ಪರೀಕ್ಷೆಯಲ್ಲಿ ಫೇಲಾದಾಗ ಬಾರಿಸಿದ್ದು ಎಲ್ಲ ಅವಳೇ. ಅವಳಿಗೆ ಮಕ್ಕಳಿಲ್ಲ. ಭಾವ ತೀರಿಕೊಂಡ ಮೇಲೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯಾಚೆಯ ಊರಿನಲ್ಲಿ, ಆ ಟೈಲರನ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಫೋನಿನಲ್ಲಿ ಇಬ್ಬರಿಗೂ ಮಾತು ಬಾರದು. "ಹೂಂ, ಮತ್ತೆ?" "ಏನಿಲ್ಲ, ನೀನೇ ಹೇಳು" ಎನ್ನುವಷ್ಟರಲ್ಲಿ ಸರಕು ಮುಗಿದುಹೋಗುತ್ತಿತ್ತು. ಅದಕ್ಕೇ ಅವನು ಭಾನುವಾರ ಬೆಳಿಗ್ಗೆ ಮೆಸೇಜ್ ಕಳಿಸುತ್ತಿದ್ದ: "ಅಕ್ಕಾ, ಊಟ ಆಯ್ತಾ?" ಸ್ವಲ್ಪ ಹೊತ್ತಿಗೆ ಅವಳಿಂದ ಬರುತ್ತಿತ್ತು: "ಆಯ್ತು." ಬೆಳಿಗ್ಗೆ ಊಟ ಎಲ್ಲಿಂದ ಬಂತು, ತಿಂಡಿಯಲ್ಲವೇ ಎಂದು ಕೇಳಬೇಡಿ. ನಮ್ಮ ಜನ ಊಟ ಆಯ್ತಾ ಎಂದು ಕೇಳುವುದು ಊಟದ ಬಗ್ಗೆ ಅಲ್ಲ.

ಆದರೆ ಒಂದೆರಡು ಭಾನುವಾರ ಅವನಿಗೆ ಮರೆತುಹೋಯಿತು. ಮುಂದೆ ಸಿಕ್ಕಾಗ ಅಕ್ಕ "ಏನೋ, ಮರೆತ್ಯಾ ನನ್ನ?" ಎಂದಳು, ನಗುತ್ತಲೇ ಎಂದಳು. ಅದು ಅವನಿಗೆ ಚುಚ್ಚಿತು. ಇನ್ನು ಮರೆಯಲೇಬಾರದು ಎಂದು ನಿರ್ಧರಿಸಿದ. ನೀವು ನಾವಾದರೆ ಏನು ಮಾಡುತ್ತಿದ್ದೆವು? ಅಲಾರಂ ಇಟ್ಟುಕೊಳ್ಳುತ್ತಿದ್ದೆವು. ಈ ಮಹಾಶಯ ತನ್ನ ಲೈಬ್ರರಿಯನ್ನೇ ಬಳಸಿ ಒಂದು ಪುಟ್ಟ ಪ್ರೋಗ್ರಾಂ ಬರೆದ. ಭಾನುವಾರ ಬಂತೆಂದರೆ ಮನೆಯ ಕಂಪ್ಯೂಟರ್ ಅವನ ನಂಬರಿನಿಂದ, ಅವನ ಮಾತಿನಲ್ಲಿ, ಅಕ್ಕನನ್ನು ಊಟ ಆಯ್ತಾ ಎಂದು ಕೇಳುತ್ತಿತ್ತು. ಉತ್ತರ ಮಾತ್ರ ಅವನ ಫೋನಿಗೆ ಬರುತ್ತಿತ್ತು. ಇದನ್ನು ಪ್ರೀತಿ ಅನ್ನಬೇಕೋ ಸೋಮಾರಿತನ ಅನ್ನಬೇಕೋ ನನಗಂತೂ ಗೊತ್ತಾಗಿಲ್ಲ. ಅವನು ಉತ್ತರಕ್ಕೆ ಕಾಯುತ್ತಿದ್ದದ್ದು ಮಾತ್ರ ನಿಜ. ಫೋನನ್ನು ಎದುರಿಗಿಟ್ಟುಕೊಂಡು, ಆ ‘ಆಯ್ತು’ ಬರುವ ತನಕ ಟೀ ಕೂಡ ಕುಡಿಯದೆ ಕೂತಿರುತ್ತಿದ್ದ.

ಹೀಗೇ ವರ್ಷಗಳು ಹೋದವು, ಭಾವ ತೀರಿಕೊಂಡದ್ದೂ ಆ ನಡುವೆಯೇ. ಒಂದು ಸಲ ಅಕ್ಕನೇ ಫೋನ್ ಮಾಡಿದಳು. ಅದೇ ಅಪರೂಪ.

"ಪುಟ್ಟಾ, ಕಣ್ಣಿಗೆ ಪೊರೆ ಬಂದಿದ್ಯಂತೆ, ಆಪರೇಷನ್ ಮಾಡ್ತಾರಂತೆ. ದೊಡ್ಡದೇನಲ್ಲ. ಆದ್ರೂ ಯಾರಾದ್ರೂ ಜೊತೆಗಿದ್ರೆ ಒಳ್ಳೇದು ಅಂದ್ರು ಡಾಕ್ಟ್ರು."

"ಬರ್ತೀನಿ ಅಕ್ಕ," ಎಂದ.

ಹೋಗಲಿಲ್ಲ. ಅದೇ ವಾರ ಅವನ ಲೈಬ್ರರಿಯ ಹೊಸ ಆವೃತ್ತಿ ಹೊರಬರಬೇಕಿತ್ತು. ಯಾವುದನ್ನೂ ಮುಟ್ಟುವುದಿಲ್ಲ ಎಂದು ಎಷ್ಟು ಹೇಳಿಕೊಂಡರೂ ಹಳೆಯದರಲ್ಲಿ ಅವನಿಗೆ ಒಂದು ಕಸಿವಿಸಿ ಇತ್ತು. ‘ಕಳಿಸು’ ಎಂದು ಬರೆದರೆ ಅದು ತಕ್ಷಣ ಕಳಿಸಿಬಿಡುತ್ತಿತ್ತು, ಅಂದರೆ ಹೊರಗಿನದನ್ನು ಮುಟ್ಟಿಬಿಡುತ್ತಿತ್ತು. ಮಡಿ ಕೆಟ್ಟಿತಲ್ಲ! ಹೊಸದರಲ್ಲಿ ಅದನ್ನು ಸರಿಪಡಿಸಿದ. ಈಗ ‘ಕಳಿಸು’ ಎಂದರೆ ಕಳಿಸುವ ಯೋಜನೆಯಷ್ಟೇ ತಯಾರಾಗುತ್ತದೆ. ಅಡುಗೆ ಮಾಡುವ ಬಗೆಯನ್ನು ಕಾಗದದಲ್ಲಿ ಬರೆದುಕೊಂಡ ಹಾಗೆ, ಒಲೆ ಇನ್ನೂ ಹಚ್ಚಿಲ್ಲ. ಕೊನೆಯ ಸಾಲಿನಲ್ಲಿ ‘ನಡೆಸು’ ಎಂದು ಬೇರೆಯಾಗಿ ಹೇಳಿದರೆ ಮಾತ್ರ ಕೆಲಸ ನಡೆಯುತ್ತದೆ. ಇದು ಅವನ ಪಾಲಿಗೆ ಬಹಳ ದಿನದ ಕನಸು. ಇನ್ನೊಂದು ದಿನ, ಇನ್ನೊಂದೇ ದಿನ ಎಂದು ಕೂತವನು ಆಪರೇಷನ್ನಿನ ದಿನ ದಾಟಿದ್ದನ್ನು ಮರುದಿನ ನೆನಪು ಮಾಡಿಕೊಂಡ. ಅಕ್ಕನ ಜೊತೆಗೆ ಟೈಲರ್ ಮತ್ತು ಅವನ ಹೆಂಡತಿ ಹೋಗಿದ್ದರು.

ಆ ಭಾನುವಾರ ಅಕ್ಕನಿಂದ ‘ಆಯ್ತು’ ಬರಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿರಬಹುದು ಎಂದುಕೊಂಡ. ಮುಂದಿನ ಭಾನುವಾರವೂ ಬರಲಿಲ್ಲ. ಕಂಪ್ಯೂಟರ್ ನೋಡಿದರೆ ವಾರ ವಾರವೂ ತಪ್ಪದೆ ‘ಆಯಿತು’ ಎಂದು ಬರೆದಿಟ್ಟಿತ್ತು. ಅಂದರೆ ಮೆಸೇಜ್ ಹೋಗುತ್ತಿದೆ, ಅವಳೇ ಉತ್ತರ ಕೊಡುತ್ತಿಲ್ಲ. ಕೋಪ ಬಂದಿದೆ, ಬರಲಿ, ತಪ್ಪು ನನ್ನದೇ ಎಂದು ಒಂದಷ್ಟು ದಿನ ಸಹಿಸಿದ. ಆಮೇಲೆ ಅವನಿಗೂ ಬಿಗುಮಾನ ಹತ್ತಿತು. ನಾನು ವಾರ ವಾರ ಕೇಳ್ತಾನೇ ಇದ್ದೀನಿ, ಒಂದು ಮಾತು ಹೇಳೋಕೆ ಅವಳಿಗೇನಾಗಿದೆ ಕಾಯಿಲೆ? ಫೋನ್ ಕೈಗೆತ್ತಿಕೊಳ್ಳುವುದು, ಇಡುವುದು. ಅವಳೇ ಮಾಡಲಿ ಎನ್ನುವುದು. ಒಂದು ವರ್ಷ ಕಳೆದು ಇನ್ನೊಂದಕ್ಕೆ ಕಾಲಿಟ್ಟಿತು. ಈ ಭೂಮಿಯ ಮೇಲೆ ಅವನಿಗೆ ಇದ್ದದ್ದು ಒಂದೇ ಒಂದು ಜೀವ, ಅದೂ ಕೈಬಿಟ್ಟಿತು ಎಂದು ನಂಬಿಕೊಂಡು ಅವನು ಬದುಕುತ್ತಿದ್ದ. ಭಾನುವಾರ ಮಾತ್ರ ಟೀ ಆರಿಹೋಗುವ ತನಕ ಕಾಯುವುದನ್ನು ಬಿಟ್ಟಿರಲಿಲ್ಲ.

ಅಂಥದ್ದೇ ಒಂದು ಭಾನುವಾರ ಬೆಳಿಗ್ಗೆ ಲೈಬ್ರರಿಯ ಪುಟದಲ್ಲಿ ಒಂದು ತಕರಾರು ಬಂದಿತ್ತು. ಎಲ್ಲೋ ದೂರದಲ್ಲಿ ಸಸಿ ಬೆಳೆಸಿ ಮಾರುವವನಂತೆ. ದಿನವೂ ನಲ್ಲಿ ತಾನಾಗಿ ತೆರೆದು ಸಸಿಗಳಿಗೆ ನೀರು ಬಿಡುವ ಹಾಗೆ ಪ್ರೋಗ್ರಾಂ ಬರೆದುಕೊಂಡಿದ್ದನಂತೆ. "ನಿಮ್ಮ ಹೊಸ ಆವೃತ್ತಿ ಹಾಕಿಕೊಂಡೆ. ಎಲ್ಲಿಯೂ ತಪ್ಪು ತೋರಿಸುತ್ತಿಲ್ಲ. ಆದರೆ ಏನೂ ಆಗುತ್ತಿಲ್ಲ" ಎಂದು ಬರೆದಿದ್ದ.

ಮಡಿಯಪ್ಪನಿಗೆ ನಗು ಬಂತು. ಹೊಸಬರೆಲ್ಲ ಮಾಡುವ ತಪ್ಪು. ಗತ್ತಿನಿಂದ ಉತ್ತರ ಬರೆದ: "ನೀವು ಯೋಜನೆ ಮಾಡಿದ್ದೀರಿ, ನಡೆಸಿಲ್ಲ. ಕೊನೆಯ ಸಾಲು ಸೇರಿಸಿ. ಇದು ದೋಷವಲ್ಲ, ಇರಬೇಕಾದದ್ದೇ ಹೀಗೆ."

ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. "ಸರಿ, ಅರ್ಥವಾಯಿತು. ಆದರೆ ಮಾಡದೇ ಇದ್ದ ಕೆಲಸಕ್ಕೆ ಅದು ‘ಆಯಿತು’ ಎಂದು ಯಾಕೆ ಬರೆಯುತ್ತದೆ? ನಾನು ಅದನ್ನು ನಂಬಿಕೊಂಡು ಊರಿಗೆ ಹೋಗಿದ್ದೆ. ಬಂದು ನೋಡಿದರೆ ಸಸಿಗಳೆಲ್ಲ ಒಣಗಿದ್ದವು."

ಬೈಗುಳ ಇರಲಿಲ್ಲ, ಅಷ್ಟೇ ಇತ್ತು. ಯೋಜನೆ ತಯಾರಾಯಿತು ಎಂಬ ಅರ್ಥದಲ್ಲಿ ಅಲ್ಲಿ ‘ಆಯಿತು’ ಎಂದು ಹಾಕಿದವನು ಇವನೇ. ಸಮಜಾಯಿಷಿ ಬರೆಯಲು ಕೈ ಕೀಲಿಮಣೆಯ ಮೇಲಿಟ್ಟ. ಆ ಕ್ಷಣಕ್ಕೆ ವಾರ ವಾರವೂ ಅಕ್ಕನ ಹೆಸರಿಗೆ ಬಿದ್ದಿದ್ದ ‘ಆಯಿತು’ ನೆನಪಾಯಿತು.

ಅಕ್ಕನ ಪ್ರೋಗ್ರಾಂ ತೆಗೆದು ನೋಡಿದ. ನೋಡುವುದೇನು, ನಾಲ್ಕು ಸಾಲು. ಹೊಸ ಆವೃತ್ತಿ ಬಂದ ದಿನ ಹುರುಪಿನಲ್ಲಿ ಮನೆಯ ಪ್ರೋಗ್ರಾಂಗಳನ್ನೆಲ್ಲ ಅದಕ್ಕೆ ಬದಲಾಯಿಸಿದ್ದ. ಇದಕ್ಕೆ ಮಾತ್ರ ಕೊನೆಯ ಸಾಲು ಸೇರಿಸಿರಲಿಲ್ಲ. ಜಗತ್ತಿಗೆಲ್ಲ ಪಾಠ ಹೇಳುವ ದೊಡ್ಡ ಮನುಷ್ಯ! ಅಂದಿನಿಂದ ಪ್ರತಿ ಭಾನುವಾರ ಕಂಪ್ಯೂಟರ್ ಅಕ್ಕನನ್ನು ಊಟ ಆಯ್ತಾ ಎಂದು ಕೇಳುವ ಯೋಜನೆ ಹಾಕಿತ್ತು, ಹಾಕಿ ‘ಆಯಿತು’ ಎಂದು ಬರೆದಿಟ್ಟು ಸುಮ್ಮನಾಗಿತ್ತು. ಒಂದೇ ಒಂದು ಮೆಸೇಜೂ ಹೋಗಿರಲಿಲ್ಲ. ಆಪರೇಷನ್ನಿಗೆ ಬರುತ್ತೇನೆಂದು ಬಾರದೆ ಕೂತ ತಮ್ಮ, ಅದೇ ವಾರದಿಂದ ಊಟ ಆಯ್ತಾ ಎಂದು ಕೇಳುವುದನ್ನೂ ನಿಲ್ಲಿಸಿದ್ದ. ಅವಳ ಕಣ್ಣಿಗೆ ಕಂಡದ್ದು ಇಷ್ಟು. ಮಡಿಯಪ್ಪನಿಗೆ ಅಳು ಬಂತು. ತಡೆಯಲಿಲ್ಲ, ನೋಡುವವರಾದರೂ ಯಾರಿದ್ದರು?

ಫೋನ್ ಮಾಡಿದ. ತುಂಬ ಹೊತ್ತು ರಿಂಗಾಗಿ, ಇನ್ನೇನು ನಿಲ್ಲುತ್ತದೆ ಎನ್ನುವಾಗ ಅಕ್ಕ ಎತ್ತಿದಳು.

"ಏನೋ, ಬದುಕಿದ್ದೀಯಾ?"

"ಇದ್ದೀನಿ ಅಕ್ಕ. ಕಣ್ಣು ಹೇಗಿದೆ?"

"ಕಣ್ಣಿಗೇನು, ಚೆನ್ನಾಗಿದೆ. ಬೇಡದ್ದೆಲ್ಲ ಕಾಣತ್ತೆ ಈಗ. ಏನು ಇದ್ದಕ್ಕಿದ್ದ ಹಾಗೆ?"

"ಅಕ್ಕ, ನಾನು ಮೆಸೇಜ್ ನಿಲ್ಲಿಸಿರ್ಲಿಲ್ಲ. ಹೋಗ್ತಾ ಇದೆ ಅಂತಲೇ ಅಂದ್ಕೊಂಡಿದ್ದೆ. ನೀನೇ ಕೋಪ ಮಾಡ್ಕೊಂಡು ಉತ್ತರ ಕೊಡ್ತಿಲ್ಲ ಅಂತ..."

"ಅಂದ್ಕೊಂಡಿದ್ದೆ ಅಂದ್ರೇನೋ? ಕಳ್ಸೋನಿಗೆ ತಾನು ಕಳ್ಸಿದ್ನೋ ಇಲ್ವೋ ಗೊತ್ತಾಗಲ್ವಾ?"

ನೆಟ್‌ವರ್ಕಿನ ಮೇಲೆ ಹಾಕಿ ಪಾರಾಗಬಹುದಿತ್ತು. ಅಕ್ಕ ನಂಬುತ್ತಿದ್ದಳು, ಇಬ್ಬರೂ ನೆಟ್‌ವರ್ಕಿಗೆ ಬೈದುಕೊಂಡು ಹಗುರಾಗುತ್ತಿದ್ದರು. "ನೆಟ್‌ವರ್ಕ್..." ಎಂದು ಶುರು ಮಾಡಿಯೂ ಮಾಡಿದ. ಮುಂದೆ ಸುಳ್ಳು ಹೊರಡಲಿಲ್ಲ.

"ಅದು ನಾನು ಕಳಿಸ್ತಿದ್ದಿದ್ದಲ್ಲ ಅಕ್ಕ. ಕಂಪ್ಯೂಟರ್ ಕಳಿಸ್ತಿತ್ತು. ನಾನೇ ಹಾಗೆ ಬರೆದಿಟ್ಟಿದ್ದೆ. ಅದು ಕೆಟ್ಟಿದ್ದು ನನಗೆ ಗೊತ್ತಾಗ್ಲಿಲ್ಲ."

ಆ ಕಡೆ ಅಕ್ಕ ಫ್ಯಾನ್ ಆರಿಸಿದ ಸದ್ದು ಕೇಳಿತು.

"ಮೊದಲಿಂದ್ಲೂನಾ?"

"ಮೊದಮೊದಲು ನಾನೇ ಕಳಿಸ್ತಿದ್ದೆ. ಆಮೇಲೆ ಅದು."

"ನಿನ್ನ ಭಾವ ತೀರ್ಕೊಂಡ್ರಲ್ಲ, ಆ ವರ್ಷ?"

"ಅದೇ ಕಳಿಸ್ತಿತ್ತು ಅಕ್ಕ."

"ಹಾಗಾದ್ರೆ ಅಷ್ಟು ದಿನ ನಾನು ಆಯ್ತು, ಆಯ್ತು ಅಂತ ಹೇಳಿದ್ದು ಯಾರಿಗೋ?"

"ನನಗೇ ಅಕ್ಕ! ಉತ್ತರ ನಾನೇ ಓದ್ತಿದ್ದೆ. ಅದು ಬರೋ ತನಕ ಟೀ ಕೂಡ ಕುಡೀತಿರ್ಲಿಲ್ಲ, ಆಣೆ ಇಟ್ಟು ಹೇಳ್ತೀನಿ."

"ಓದಿ?"

ಓದಿ ಏನು ಮಾಡುತ್ತಿದ್ದ? ಟೀ ಕುಡಿಯುತ್ತಿದ್ದ.

ಅಕ್ಕ ತಾನೇ ಮಾತಾಡಿದಳು, ದನಿ ಏರಿಸದೆ. "ಅವರು ಹೋದ ಮೇಲೆ ನಾನು ಭಾನುವಾರ ಒಲೆ ಹಚ್ಚಿದ್ದೇ ಕಡಿಮೆ ಕಣೋ. ಒಬ್ಬಳಿಗೆ ಏನು ಅಡುಗೆ ಮಾಡ್ಕೊಳ್ಳೋದು ಅಂತ. ಆದ್ರೂ ನೀನು ಕೇಳ್ದಾಗೆಲ್ಲ ಆಯ್ತು ಅಂದೆ. ಇಲ್ಲ ಅಂದ್ರೆ ಅಲ್ಲಿ ಕೂತ್ಕೊಂಡು ಗಾಬರಿಯಾಗ್ತಾನೆ ನನ್ನ ಪುಟ್ಟ ಅಂತ. ಈಗ ನೋಡಿದ್ರೆ ಗಾಬರಿಯಾಗೋಕೆ ಅಲ್ಲಿ ಯಾರೂ ಇರ್ಲೇ ಇಲ್ಲ."

"ಅಕ್ಕ, ಹಾಗನ್ನಬೇಡ. ಇವತ್ತೇ ಬರ್ತೀನಿ. ಈಗ್ಲೇ ಹೊರಡ್ತೀನಿ."

"ಆಪರೇಷನ್‌ಗೂ ಬರ್ತೀನಿ ಅಂದಿದ್ದೆ," ಎಂದಳು. "ಇರ್ಲಿ ಬಿಡು. ಹುಷಾರಾಗಿರು." ಫೋನ್ ಇಟ್ಟಳು.

ಸಿಟ್ಟಿನಿಂದ ಕುಕ್ಕಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೆಲ್ಲಗೆ ಇಟ್ಟಿದ್ದಳು. ಇನ್ನು ಇವನಿಂದ ಏನೂ ಬೇಕಾಗಿಲ್ಲ ಎನ್ನುವವರು ಇಡುವ ರೀತಿ ಅದು. ಮಡಿಯಪ್ಪ ಎದ್ದು ಅಂಗಿ ಹಾಕಿಕೊಂಡ. ಹೋಗುವ ಮೊದಲು ಸಸಿ ಮಾರುವವನಿಗೆ ಎರಡು ಸಾಲು ಬರೆದ: "ನೀವು ಹೇಳಿದ್ದು ಸರಿ, ತಪ್ಪು ನನ್ನದು. ನಿಮ್ಮ ಸಸಿಗಳ ಬಗ್ಗೆ ಬೇಸರವಾಯಿತು." ಪುಟಗಟ್ಟಲೆ ಬರೆಯುವ ಮನುಷ್ಯನಿಗೆ ಅದಕ್ಕಿಂತ ಹೆಚ್ಚು ತೋಚಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಟೆ ಎಂದು ಅಕ್ಕನಿಗೆ ಒಂದು ಮೆಸೇಜ್ ಹಾಕೋಣ ಅನಿಸಿತು, ಫೋನನ್ನೂ ತೆಗೆದ. ಆಮೇಲೆ ಜೇಬಿಗೆ ಹಾಕಿಕೊಂಡ. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಎಲ್ಲಿಗೆ ಎಂದು ಕೇಳಿದಳು. ಅಕ್ಕನ ಮನೆಗೆ ಎಂದ. "ಅಕ್ಕ ಕಾಯ್ತಿರ್ತಾಳೆ, ಪುಣ್ಯವಂತ" ಎಂದಳು ಮುದುಕಿ. ಅವನು ಹೊರಗೆ ನೋಡುತ್ತ ಕೂತ. ದಾರಿಯುದ್ದಕ್ಕೂ ಅವನಿಗೆ ಒಂದೇ ಭಯ, ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿಬಿಟ್ಟರೆ?

ಇಳಿದಾಗ ಮಧ್ಯಾಹ್ನ ಕಳೆದಿತ್ತು. ಟೈಲರನ ಅಂಗಡಿ ಮುಚ್ಚಿತ್ತು. ಅಕ್ಕನ ಮನೆಯ ಬೆಲ್ ಒತ್ತಿದ, ಅದು ಕೆಲಸ ಮಾಡುತ್ತಿರಲಿಲ್ಲ, ಬಾಗಿಲು ಬಡಿದ. ಒಳಗಿನಿಂದ ಹೆಜ್ಜೆಯ ಸದ್ದು ನಿಧಾನವಾಗಿ ಬಂತು. ಬಾಗಿಲು ತೆರೆದ ಅಕ್ಕ ಮೊದಲಿಗಿಂತ ಕುಗ್ಗಿದ್ದಳು. ಅವಳ ಹೊಸ ಕನ್ನಡಕವನ್ನು ಅವನು ನೋಡುತ್ತಿದ್ದದ್ದೇ ಮೊದಲು. ಅವನ ಮುಖ ನೋಡಿದಳು, ಬೆನ್ನಿನ ಚೀಲ ನೋಡಿದಳು, ಮತ್ತೆ ಮುಖ ನೋಡಿದಳು. ಸರಿದು ದಾರಿ ಬಿಡಬೇಕೆಂದು ಅವಳಿಗೂ ಹೊಳೆಯಲಿಲ್ಲ, ಒಳಗೆ ಬರಲೇ ಎಂದು ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ.

ಅವಳ ಭುಜದಾಚೆಗೆ ಅಡುಗೆಮನೆ ಕಾಣುತ್ತಿತ್ತು. ಒಲೆಯ ಮೇಲೆ ಏನೂ ಇರಲಿಲ್ಲ. ಕಟ್ಟೆಯ ಮೇಲೆ ಅರ್ಧ ತಿಂದ ಬಿಸ್ಕೆಟ್ ಪೊಟ್ಟಣ, ಒಂದು ಲೋಟ.

"ನೀನು ಬರ್ತೀಯ ಅಂತ ನಾನು ನಂಬಿರ್ಲಿಲ್ಲ ಕಣೋ," ಎಂದಳು ಅಕ್ಕ. ಕೈ ಹಿಸುಕಿಕೊಳ್ಳುತ್ತಿದ್ದಳು, ತಪ್ಪು ಮಾಡಿ ಸಿಕ್ಕಿಬಿದ್ದವಳು ತಾನೇ ಎಂಬಂತೆ. "ನಿಂಗೂ ಅಂತ ಏನೂ ಮಾಡಿಟ್ಟಿಲ್ಲ."